ಸ್ಟಾರ್ಟ್ ಆಗದ ಎಂಜಿನು, ಮೇಲೇರದ ನೀರು



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ತೆರೆದ ಬಾವಿಗಳ ಅಂಚಿನಲ್ಲಿ ಒಂದು ಪುಟ್ಟ ಕಾಂಕ್ರೀಟು ಕಟ್ಟೆಯೂ ಅದರಲ್ಲಿ ತುಕ್ಕು ಹಿಡಿದು ನಿಂತ ನಾಲ್ಕು ಬೋಲ್ಟುಗಳೂ ಕೆಲವೆಡೆ ಈಗಲೂ ಕಾಣಸಿಗುತ್ತವೆ. ಇಂದಿನ ಮಕ್ಕಳಿಗೆ ಅದೇನೆಂದು ತಿಳಿಯದು. ಅದು ಆಯಿಲ್ ಎಂಜಿನು ಕುಳಿತಿದ್ದ ಪೀಠ. ಆ ಎಂಜಿನು ಸ್ಟಾರ್ಟ್ ಆಗದಿದ್ದಾಗ ನಮ್ಮ ರೈತರು ದೋಷವನ್ನು ಹುಡುಕುತ್ತಿದ್ದ ಕ್ರಮವನ್ನೂ, ಕೊನೆಗೆ ಅದು ಮೌನವಾದ ಕಾರಣವನ್ನೂ ಈ ಲೇಖನದಲ್ಲಿ ಬರೆದಿಡುತ್ತಿದ್ದೇನೆ.

ಎಂಜಿನು ಬರುವ ಮುನ್ನ ಈ ಸೀಮೆಯಲ್ಲಿ ನೀರೆತ್ತುತ್ತಿದ್ದುದು ಏತ ಮತ್ತು ಕಪಿಲೆ. ೧೮೦೦ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಇವೆರಡನ್ನೂ ಪ್ರಸ್ತಾಪಿಸಿದ್ದಾನೆ. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದಂತೆ ತೊಗಲಿನ ಚೀಲ ಮೇಲೇರಿ ಕಾಲುವೆಗೆ ನೀರು ಸುರಿಯುತ್ತಿತ್ತು. ಎತ್ತುಗಳು ಹಿಮ್ಮೆಟ್ಟಿ ಮೇಲೇರಿದರೆ ಚೀಲ ಮತ್ತೆ ಬಾವಿಗಿಳಿಯುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಡೆದರೂ ನೆನೆಯುತ್ತಿದ್ದುದು ಸಣ್ಣ ತುಂಡು ನೆಲ. ಈ ವಿಧಾನದಲ್ಲಿ ಒಂದು ಗುಣವಿತ್ತು: ಎತ್ತು ದಣಿಯುವಷ್ಟರಲ್ಲಿ ಬಾವಿಗೆ ಒರತೆ ತುಂಬಿಕೊಳ್ಳಲು ಸಮಯ ದೊರೆಯುತ್ತಿತ್ತು.

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ್ದು ೧೮೯೭ರಲ್ಲಿ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ ೧೯೨೯ರಲ್ಲಿ ರೂಪಿಸಿದ ನಿಧಾನಗತಿಯ ಎಂಜಿನು ಹಳ್ಳಿಗೆ ಹೇಳಿ ಮಾಡಿಸಿದಂತಿತ್ತು. ಒಂದೇ ಸಿಲಿಂಡರು, ಐದಾರು ಕುದುರೆಶಕ್ತಿ, ನಿಮಿಷಕ್ಕೆ ೬೦೦ರಿಂದ ೬೫೦ ಸುತ್ತು, ಎರಡು ಬದಿಗೂ ಭಾರವಾದ ಗಾಲಿ. ಇದೇ ಮಾದರಿಯ ಎಂಜಿನುಗಳು ಮುಂದೆ ಗುಜರಾತಿನ ರಾಜಕೋಟೆಯಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾದವು. ನಮ್ಮ ಬೆಳಗಾವಿಯಲ್ಲಿ ೧೮೮೮ರಲ್ಲಿ ಸೈಕಲ್ ಅಂಗಡಿಯಿಂದ ವ್ಯವಹಾರ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ೧೯೪೬ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನುಗಳ ಕಂಪನಿಯನ್ನೇ ಸ್ಥಾಪಿಸಿದರು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ, ವಿದ್ಯುತ್ ಕಂಬ ಇನ್ನೂ ಹೊಲ ತಲುಪದಿದ್ದ ಕಾಲದಲ್ಲಿ, ಇಂತಹ ಎಂಜಿನುಗಳು ನಮ್ಮ ಬಾವಿಗಳ ಮೇಲೆ ಬಂದು ಕುಳಿತವು.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಬಲವಾಗಿ ಒತ್ತಿದಾಗ ಅದು ೫೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆ ಕ್ಷಣದಲ್ಲಿ ಸಿಂಪಡಿಸಿದ ಡೀಸೆಲ್ಲು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ತರಗತಿಯಲ್ಲಿ ಮುಟ್ಟಿ ನೋಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದೇ ತತ್ತ್ವ.

ಸ್ಟಾರ್ಟ್ ಮಾಡುವ ಕ್ರಮ ಹೀಗಿತ್ತು. ಮೊದಲು ಸಿಲಿಂಡರಿನ ತಲೆಯ ಮೇಲಿನ ಸಣ್ಣ ಲಿವರನ್ನು ಎತ್ತಬೇಕು. ಆಗ ವಾಲ್ವು ತೆರೆದೇ ಉಳಿದು, ಒತ್ತಡವಿಲ್ಲದೆ ಗಾಲಿ ಸಲೀಸಾಗಿ ತಿರುಗುತ್ತದೆ. ಹ್ಯಾಂಡಲು ಸಿಕ್ಕಿಸಿ ಗಾಲಿಗೆ ವೇಗ ಬರುವವರೆಗೆ ತಿರುಗಿಸಿ, ಥಟ್ಟನೆ ಲಿವರನ್ನು ಬಿಡಬೇಕು. ಗಾಲಿಯ ವೇಗವೇ ಪಿಸ್ಟನ್ನನ್ನು ಒತ್ತಡ ಮೀರಿ ತಳ್ಳುತ್ತದೆ. ‘ಡುಗ್’ ಎಂದು ಮೊದಲ ಸದ್ದು ಕೇಳುತ್ತದೆ. ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕೆಂಬುದು ಅನುಭವಿಗಳ ಮೊದಲ ಪಾಠ. ಎಂಜಿನು ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತಿತ್ತು.

ಸದ್ದು ಬರದಿದ್ದರೆ? ಬಲ್ಲವರು ಹ್ಯಾಂಡಲನ್ನು ಸುಮ್ಮನೆ ತಿರುಗಿಸುತ್ತ ರಟ್ಟೆ ನೋಯಿಸಿಕೊಳ್ಳುತ್ತಿರಲಿಲ್ಲ. ಹೊಗೆ ನೋಡುತ್ತಿದ್ದರು, ಕಿವಿಗೊಡುತ್ತಿದ್ದರು. ತಿರುಗಿಸುವಾಗ ನಾಜಲಿನಿಂದ ‘ಕಿರ್’ ಎಂಬ ಸಣ್ಣ ಸದ್ದು ಬರಬೇಕು. ಸದ್ದೂ ಇಲ್ಲ, ಹೊಗೆಕೊಳವೆಯಲ್ಲಿ ಹೊಗೆಯೂ ಇಲ್ಲವೆಂದರೆ ಡೀಸೆಲ್ಲು ಒಳಗೆ ತಲುಪುತ್ತಿಲ್ಲವೆಂದೇ ಅರ್ಥ. ಟ್ಯಾಂಕಿನಲ್ಲಿ ಎಣ್ಣೆ ಇದೆಯೇ, ಕಾಕು ತಿರುಗಿಸಿದೆಯೇ, ಫಿಲ್ಟರು ಕಟ್ಟಿದೆಯೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದರೆ ಕೊಳವೆಯಲ್ಲಿ ‘ಏರ್ ಹಿಡಿದಿದೆ’. ಟ್ಯಾಂಕು ಒಮ್ಮೆ ಪೂರ್ತಿ ಬರಿದಾದರೆ ಈ ತೊಂದರೆ ತಪ್ಪದು. ಡೀಸೆಲ್ಲನ್ನು ಒತ್ತಿದರೆ ಒತ್ತಡ ನಾಜಲಿಗೆ ಹೋಗುತ್ತದೆ. ಗಾಳಿಯನ್ನು ಒತ್ತಿದರೆ ಗಾಳಿಯೇ ಕುಗ್ಗಿ ಸುಮ್ಮನಾಗುತ್ತದೆ. ಆದ್ದರಿಂದ ಫಿಲ್ಟರಿನ ಬಳಿಯ ನಟ್ಟು ಸಡಿಲಿಸಿ, ಗುಳ್ಳೆ ನಿಂತು ಶುದ್ಧ ಎಣ್ಣೆ ಬರುವವರೆಗೆ ಬಿಟ್ಟು, ಬಿಗಿದು, ಬಳಿಕ ನಾಜಲಿನ ಬಳಿಯೂ ಹಾಗೆಯೇ ಮಾಡಬೇಕು.

ಬಿಳಿ ಹೊಗೆ ಬರುತ್ತಿದೆ, ಆದರೆ ಎಂಜಿನು ಹಿಡಿಯುತ್ತಿಲ್ಲ ಎಂದರೆ ಕಥೆ ಬೇರೆ. ಎಣ್ಣೆ ಒಳಗೆ ಹೋಗುತ್ತಿದೆ, ಹೊತ್ತುವಷ್ಟು ಶಾಖವಿಲ್ಲ. ಮಾಗಿಯ ಚಳಿಯಲ್ಲಿ ತಣ್ಣಗಾದ ಕಬ್ಬಿಣವೇ ಗಾಳಿಯ ಶಾಖವನ್ನು ಹೀರಿಬಿಡುತ್ತದೆ. ಸಿಲಿಂಡರಿನ ಸುತ್ತಲಿನ ನೀರಿನ ಕೋಶಕ್ಕೆ ಬಿಸಿನೀರು ಹೊಯ್ಯುವುದು ಇದಕ್ಕೆ ಪರಿಹಾರ. ಬೇಸಿಗೆಯಲ್ಲೂ ಹೀಗಾದರೆ ಪಿಸ್ಟನ್ ರಿಂಗು ಸವೆದಿದೆ ಅಥವಾ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಲಿವರು ಬಿಟ್ಟು ಗಾಲಿಯನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದಾಗ ಅದು ಸ್ಪ್ರಿಂಗಿನಂತೆ ಹಿಂದಕ್ಕೆ ಪುಟಿದರೆ ಒತ್ತಡ ಇದೆ. ‘ಸುಸ್ಸ್’ ಎಂದು ಉಸಿರು ಬಿಟ್ಟು ಉರುಳಿದರೆ ಇಲ್ಲ.

ಎಣ್ಣೆ, ಗಾಳಿ, ಒತ್ತಡ, ಶಾಖ: ಹುಡುಕುವ ಹಾದಿ ಇಷ್ಟೇ. ಕೆನಡಾದ ಕ್ವಿಬೆಕ್ಕಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಹಿಮದ ಮೇಲೆ ಓಡುವ ವಾಹನಗಳನ್ನು ನಿರ್ಮಿಸಿದರು. ೧೯೫೯ರಲ್ಲಿ ಅವರ ಚಿಕ್ಕ ಸ್ನೋಮೊಬೈಲು ಮಾರುಕಟ್ಟೆಗೆ ಬಂತು. ಅದರದು ಪೆಟ್ರೋಲ್ ಎಂಜಿನಾದ್ದರಿಂದ ಶಾಖದ ಬದಲು ಕಿಡಿಯನ್ನು ಪರೀಕ್ಷಿಸಬೇಕು. ಉಳಿದಂತೆ ಹಿಮದ ನಾಡಿನವನೂ ನಂದಿಬೆಟ್ಟದ ತಪ್ಪಲಿನ ರೈತನೂ ಕೇಳಿಕೊಳ್ಳುವ ಪ್ರಶ್ನೆಗಳು ಅವೇ. ಒಂದೊಂದನ್ನೇ ಪರೀಕ್ಷಿಸಿ ಬದಿಗಿಡುವ ಈ ಶಿಸ್ತನ್ನು, ಶಾಲೆಯ ಮೆಟ್ಟಿಲು ಹತ್ತದವರೂ ಬಾವಿಯ ಕಟ್ಟೆಯ ಮೇಲೆ ಕಲಿತಿದ್ದರು.

ಆದರೆ ಎಂಜಿನು ಚೆನ್ನಾಗಿ ಓಡುತ್ತಿದ್ದರೂ ನೀರು ಬಾರದ ದಿನಗಳು ಬಂದವು. ಮೊದಮೊದಲು ದೋಷ ಫುಟ್‌ವಾಲ್ವಿನದೆಂದರು. ಕೊಳವೆಯ ಬುಡದಲ್ಲಿರುವ ಆ ಬಾಗಿಲಿನಲ್ಲಿ ಕಸ ಸಿಕ್ಕಿದರೆ ಕೊಳವೆಯ ನೀರೆಲ್ಲ ಬಾವಿಗೇ ಜಾರುತ್ತದೆ. ಕೊಳವೆಗೆ ಮೇಲಿನಿಂದ ನೀರು ತುಂಬಿಸಿದರು. ಜಾಯಿಂಟಿನಲ್ಲಿ ಗಾಳಿ ಎಳೆಯದಂತೆ ಜೇಡಿಮಣ್ಣು ಮೆತ್ತಿದರು. ಆದರೂ ನೀರಿಲ್ಲ. ಏಕೆಂದರೆ ಬಾವಿಯ ನೀರೇ ಕೆಳಗಿಳಿದಿತ್ತು.

ಇಲ್ಲಿ ಒಂದು ಹಳೆಯ ಪಾಠ. ಪಂಪು ನೀರನ್ನು ‘ಎಳೆಯುತ್ತದೆ’ ಎನ್ನುತ್ತೇವೆ. ನಿಜಕ್ಕೂ ಪಂಪು ಮಾಡುವುದು ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ಕಡಿಮೆ ಮಾಡುವುದಷ್ಟೇ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುಮಂಡಲ. ಹೀರುವ ಪಂಪು ಒಂದು ಮಿತಿಗಿಂತ ಮೇಲಕ್ಕೆ ನೀರೆತ್ತದೆಂದು ಗೆಲಿಲಿಯೊ ೧೬೩೮ರ ಗ್ರಂಥದಲ್ಲಿ ಬರೆದಿದ್ದ. ಅದಕ್ಕೆ ಕಾರಣ ವಾಯುಭಾರವೆಂದು ಅವನ ಶಿಷ್ಯ ಟೊರಿಚೆಲ್ಲಿ ತೋರಿಸಿದ. ಸಮುದ್ರಮಟ್ಟದಲ್ಲಿ ಆ ಮಿತಿ ಸುಮಾರು ೧೦.೩ ಮೀಟರು. ಸುಮಾರು ೯೦೦ ಮೀಟರು ಎತ್ತರದ ನಮ್ಮ ಬಯಲಿನಲ್ಲಿ ಇನ್ನೂ ಕಡಿಮೆ. ಕೊಳವೆಯ ಘರ್ಷಣೆ, ಸೋರಿಕೆಗಳನ್ನು ಕಳೆದರೆ ಉಳಿಯುವುದು ಸುಮಾರು ಇಪ್ಪತ್ತು ಅಡಿ. ನೀರು ಅದಕ್ಕಿಂತ ಕೆಳಗಿಳಿದರೆ ಹತ್ತು ಕುದುರೆಶಕ್ತಿಯ ಎಂಜಿನು ತಂದು ಕೂರಿಸಿದರೂ ವ್ಯರ್ಥ.

ಆಗ ರೈತರು ಎಂಜಿನನ್ನೇ ಕೆಳಗಿಳಿಸಿದರು. ಬಾವಿಯ ಗೋಡೆಯಲ್ಲಿ ಮೆಟ್ಟಿಲಿನಂತೆ ಕಟ್ಟೆ ಕಡಿದು, ಹಗ್ಗ ಕಟ್ಟಿ, ಹತ್ತಾರು ಜನ ಸೇರಿ ಇಳಿಸುತ್ತಿದ್ದರು. ಅದು ಅಪಾಯದ ಕೆಲಸ. ಬಾವಿಯಲ್ಲಿ ಹೊಗೆ ತುಂಬಿದರೆ ಇಳಿದವನಿಗೆ ಉಸಿರು ಕಟ್ಟುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆಳಕ್ಕಿಳಿದಂತೆ ಗಟ್ಟಿ ಬಂಡೆ ಎದುರಾಗುತ್ತಿತ್ತು. ನಮ್ಮ ನೆಲದಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಕಲ್ಲಿನ ಪದರದಲ್ಲಿ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಷ್ಟೇ.

ಆ ಬಿರುಕುಗಳನ್ನು ತಲುಪಿದ್ದು ಕೊಳವೆ ಬಾವಿ. ೧೯೬೬-೬೭ರ ಉತ್ತರ ಭಾರತದ ಬರಗಾಲದಲ್ಲಿ ಕುಡಿಯುವ ನೀರಿಗೆಂದು ಯುನಿಸೆಫ್ ನೆರವಿನಿಂದ ಬಂಡೆ ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. ಮುಂದಿನ ದಶಕಗಳಲ್ಲಿ ಆ ತಂತ್ರ ನೀರಾವರಿಗೂ ಹಬ್ಬಿತು. ನೀರಿನೊಳಗೇ ಮುಳುಗಿ ಕೆಳಗಿನಿಂದ ತಳ್ಳುವ ಸಬ್‌ಮರ್ಸಿಬಲ್ ಪಂಪಿಗೆ ಟೊರಿಚೆಲ್ಲಿಯ ಮಿತಿ ತಾಗದು. ಹಳ್ಳಿಗಳಿಗೆ ವಿದ್ಯುತ್ತು ಬಂತು. ೨೦೦೮ರಲ್ಲಿ ೧೦ ಕುದುರೆಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಅದು ಉಚಿತವೂ ಆಯಿತು. ಡೀಸೆಲ್ಲಿನ ಲೆಕ್ಕವಿಡುತ್ತಿದ್ದ ರೈತನಿಗೆ ನೀರಿನ ಲೆಕ್ಕವೂ ತಪ್ಪಿತು. ಒಂದು ಕೊಳವೆ ಬಾವಿ ಒಣಗಿದರೆ ಪಕ್ಕದಲ್ಲೇ ಇನ್ನೊಂದು, ಮತ್ತಷ್ಟು ಆಳ. ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದತ್ತ ಹರಿಯುವ ಅರ್ಕಾವತಿಯೂ ಹೊಸಕೋಟೆಯ ದಕ್ಷಿಣ ಪಿನಾಕಿನಿಯೂ ಸೊರಗಿದವು. ನಮ್ಮ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿ ಸೇರಿದವು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಯೋಜನೆ ೨೦೧೮ರಲ್ಲಿ ಕೋಲಾರದಲ್ಲಿ ಆರಂಭವಾಯಿತು. ಹೆಬ್ಬಾಳ-ನಾಗವಾರ ಕಣಿವೆಯ ಇಂಥದೇ ಯೋಜನೆಯಿಂದ ದೇವನಹಳ್ಳಿಯ ಕೆಲವು ಕೆರೆಗಳಿಗೂ ನೀರು ಬಂದಿದೆ.

ಎಂಜಿನಿನ ದೋಷ ಹುಡುಕುವುದರಲ್ಲಿ ನಮ್ಮ ಹಿರಿಯರು ನಿಪುಣರಾಗಿದ್ದರು. ಎಣ್ಣೆ ಮುಗಿದಿದೆಯೇ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ನೀರಿನ ವಿಷಯದಲ್ಲಿ ಆ ಮೊದಲ ಪ್ರಶ್ನೆಯನ್ನು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಪ್ರತಿ ಬಾರಿಯೂ ಯಂತ್ರವನ್ನೇ ಬದಲಾಯಿಸಿದೆವು.

ನಿಮ್ಮಲ್ಲಿ ಅನೇಕರ ಜಮೀನುಗಳು ಇಂದು ವಿಮಾನ ನಿಲ್ದಾಣದ ಸುತ್ತಮುತ್ತ ನಿವೇಶನಗಳಾಗಿವೆ. ಹಳೆಯ ಬಾವಿ ಉಳಿದಿದ್ದರೆ ದಯವಿಟ್ಟು ಕಟ್ಟಡದ ಕಸ ಸುರಿದು ಮುಚ್ಚಬೇಡಿ. ಸುತ್ತ ಭದ್ರವಾದ ಕಟ್ಟೆ ಕಟ್ಟಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಚಾವಣಿಯ ಮಳೆನೀರನ್ನು ಜಲ್ಲಿ-ಮರಳಿನಲ್ಲಿ ಸೋಸಿ ಅದಕ್ಕೆ ಬಿಡಿ. ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಹಗ್ಗ ಇಳಿಬಿಟ್ಟು ನೀರಿನ ಮಟ್ಟವನ್ನು ಅಳೆದು ಬರೆದಿಡಿ. ನಿಮ್ಮೂರಿನ ಬಾವಿಯ ಅಳತೆಯನ್ನು ನನಗೂ ತಿಳಿಸಿದರೆ ಸಂತೋಷ.