ಸ್ವಂತ ಸರ್ಕ್ಯೂಟ್ ಬೋರ್ಡ್ : ಕಡಿಮೆ ಖರ್ಚಿನ ಐದು ದಾರಿಗಳು

ಹಳೆಯ ರೇಡಿಯೋ ಇರಲಿ, ಅಂಗೈಯಲ್ಲಿನ ಮೊಬೈಲ್ ಇರಲಿ, ಬಿಚ್ಚಿ ನೋಡಿದರೆ ಒಳಗೆ ಕಾಣುವುದು ಹಸಿರು ಇಲ್ಲವೆ ಕಂದು ಬಣ್ಣದ ಒಂದು ಹಲಗೆ. ಅದರ ಮೇಲೆ ಹಾವಿನಂತೆ ಹರಿದಾಡುವ ತಾಮ್ರದ ಗೆರೆಗಳು, ಗೆರೆಗಳ ತುದಿಯಲ್ಲಿ ಬೆಸುಗೆಯಿಂದ ಕೂಡಿಸಿದ ಬಿಡಿಭಾಗಗಳು. ಇದೇ ಮುದ್ರಿತ ವಿದ್ಯುನ್ಮಂಡಲ ಫಲಕ. ಆಡುಮಾತಿನಲ್ಲಿ ಪಿಸಿಬಿ.

ಸಾವಿರಗಟ್ಟಲೆ ಬೋರ್ಡ್ ಬೇಕಾದ ದೊಡ್ಡ ಕಂಪನಿಗಳಿಗೆ ಇದು ಸಮಸ್ಯೆಯೇ ಅಲ್ಲ. ಆದರೆ ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ ಒಂದೇ ಒಂದು ಬೋರ್ಡ್ ಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿ ಏನು ಮಾಡಬೇಕು? ಪಂಪ್‌ಸೆಟ್‌ಗೆ ಮೊಬೈಲ್ ಮೂಲಕ ಚಾಲನೆ ನೀಡುವ ಸಾಧನವೊಂದನ್ನು ರೂಪಿಸಿ, ಹತ್ತು ರೈತರ ಜಮೀನಿನಲ್ಲಿ ಪರೀಕ್ಷಿಸಲು ಬಯಸುವ ಸಣ್ಣ ಉದ್ಯಮಿಯ ಗತಿಯೇನು? ಒಂದು ಕಾಲದಲ್ಲಿ ಕಾರ್ಖಾನೆಯ ಬಾಗಿಲು ಇಂಥವರಿಗೆ ತೆರೆಯುತ್ತಿರಲಿಲ್ಲ. ತೆರೆದರೂ ಫಿಲ್ಮ್ ಮತ್ತು ಸಿದ್ಧತೆಯ ಶುಲ್ಕವೇ ಜೇಬು ಖಾಲಿ ಮಾಡುತ್ತಿತ್ತು. ಈಗ ಪರಿಸ್ಥಿತಿ ಬದಲಾಗಿದೆ. ಸಣ್ಣ ಪ್ರಮಾಣದಲ್ಲಿ, ಕಡಿಮೆ ಖರ್ಚಿನಲ್ಲಿ ಬೋರ್ಡ್ ತಯಾರಿಸಲು ಕನಿಷ್ಠ ಐದು ದಾರಿಗಳಿವೆ. ಅವುಗಳ ವಿಧಾನ, ಅನುಕೂಲ ಹಾಗೂ ಅಪಾಯಗಳ ಪರಿಚಯ ಇಲ್ಲಿದೆ.

ಹಿನ್ನೆಲೆ

ಮುದ್ರಿತ ಮಂಡಲದ ಜನಕರೆಂದು ಖ್ಯಾತರಾದವರು ಆಸ್ಟ್ರಿಯಾ ಮೂಲದ ಎಂಜಿನಿಯರ್ ಪಾಲ್ ಐಸ್ಲರ್. 1936ರಲ್ಲಿ ಲಂಡನ್ ಸೇರಿದ ಅವರು ಮುದ್ರಣ ತಂತ್ರದಿಂದಲೇ ರೇಡಿಯೋ ಮಂಡಲವನ್ನು ರೂಪಿಸಿ ತೋರಿಸಿದರು. 1943ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ತನ್ನ ಸಿಡಿಗುಂಡುಗಳ ಸ್ಫೋಟ ನಿಯಂತ್ರಣ ಸಾಧನಗಳಲ್ಲಿ ಮುದ್ರಿತ ಮಂಡಲಗಳನ್ನು ಬಳಸಿತು. ಯುದ್ಧ ಮುಗಿದ ಮೇಲೆ ಈ ತಂತ್ರ ಮನೆಬಳಕೆಯ ಉಪಕರಣಗಳಿಗೂ ಬಂತು.

ಕರ್ನಾಟಕಕ್ಕೂ ಈ ವಿದ್ಯೆಗೂ ಹಳೆಯ ನಂಟು. 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. 1974ರಲ್ಲಿ ಸ್ವಿಟ್ಜರ್ಲೆಂಡ್ ಸಹಯೋಗದೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಎಲೆಕ್ಟ್ರಾನಿಕ್ ವಿನ್ಯಾಸ ಕೇಂದ್ರ, ಅಂದರೆ ಸಿಇಡಿಟಿ, ಬೋರ್ಡ್ ವಿನ್ಯಾಸವನ್ನು ಶಾಸ್ತ್ರೀಯವಾಗಿ ಕಲಿಸಿತು. ಅದೇ ಕೇಂದ್ರದ ಮಾಲೆಯಲ್ಲಿ ಪ್ರಕಟವಾದ ವಾಲ್ಟರ್ ಬೋಸ್‌ಹಾರ್ಟ್ ಅವರ ಪಿಸಿಬಿ ಕುರಿತ ಗ್ರಂಥ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಹುಕಾಲ ಪಠ್ಯವಾಗಿತ್ತು. ಬಿಡಿಭಾಗಗಳಿಗಂತೂ ಎಸ್.ಪಿ. ರಸ್ತೆ ಇಂದಿಗೂ ನಾಡಿನ ಹವ್ಯಾಸಿಗಳ ತವರು.

ಹಲಗೆಯ ಒಳಗುಟ್ಟು

ಸಾಮಾನ್ಯ ಬೋರ್ಡ್‌ನ ಮೈ ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನಿಂದಾದದ್ದು. ಇದಕ್ಕೆ ಎಫ್‌ಆರ್-4 ಎಂದು ಹೆಸರು. ರೂಢಿಯ ದಪ್ಪ 1.6 ಮಿ.ಮೀ. ಅದರ ಮೇಲೆ ಅಂಟಿಸಿದ ತಾಮ್ರದ ಹಾಳೆಯ ದಪ್ಪ ಕೇವಲ 35 ಮೈಕ್ರಾನ್. ಕಾಗದ ಮತ್ತು ಫೀನಾಲಿಕ್ ಅಂಟಿನಿಂದಾದ ಕಂದು ಬಣ್ಣದ ಹಲಗೆಯೂ ಉಂಟು. ಅದು ಅಗ್ಗ, ಆದರೆ ತೇವ ಮತ್ತು ಶಾಖಕ್ಕೆ ಬೇಗ ಸೋಲುತ್ತದೆ.

ಬೇಕಾದ ಗೆರೆಗಳನ್ನು ಉಳಿಸಿಕೊಂಡು ಬೇಡದ ತಾಮ್ರವನ್ನು ತೆಗೆದುಹಾಕುವುದೇ ಪಿಸಿಬಿ ತಯಾರಿಕೆಯ ಸಾರ. ಆ ತಾಮ್ರವನ್ನು ಹೇಗೆ ತೆಗೆಯಲಾಗುತ್ತದೆ ಎಂಬುದರಲ್ಲಷ್ಟೇ ವಿಧಾನಗಳು ಬೇರೆಯಾಗುತ್ತವೆ.

ಮೊದಲು ನಕ್ಷೆ

ಯಾವ ವಿಧಾನ ಅನುಸರಿಸಿದರೂ ನಕ್ಷೆ ಬೇಕೇ ಬೇಕು. ಇದಕ್ಕಾಗಿ ದುಬಾರಿ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಫ್ರಾನ್ಸ್‌ನ ಜಾನ್ ಪಿಯೆರ್ ಶಾರಾ 1992ರಲ್ಲಿ ಆರಂಭಿಸಿದ ಕಿಕ್ಯಾಡ್ ಸಂಪೂರ್ಣ ಉಚಿತ ಹಾಗೂ ಮುಕ್ತ ತಂತ್ರಾಂಶ. ಕಣಭೌತ ಸಂಶೋಧನೆಗೆ ಹೆಸರಾದ ಸರ್ನ್ ಸಂಸ್ಥೆ ಕೈಜೋಡಿಸಿದ ಮೇಲಂತೂ ಅದು ವೃತ್ತಿಪರರೂ ಬಳಸುವ ಮಟ್ಟಕ್ಕೆ ಬೆಳೆಯಿತು. ಹವ್ಯಾಸಿಗಳು ದಶಕಗಳ ಕಾಲ ನೆಚ್ಚಿಕೊಂಡಿದ್ದ ಈಗಲ್ ತಂತ್ರಾಂಶವನ್ನು 2026ರ ಜೂನ್‌ಗೆ ನಿಲ್ಲಿಸುವುದಾಗಿ ಅದರ ಒಡೆತನದ ಆಟೋಡೆಸ್ಕ್ 2023ರಲ್ಲಿ ಪ್ರಕಟಿಸಿತು. ಹೊಸದಾಗಿ ಕಲಿಯುವವರು ಕಿಕ್ಯಾಡ್‌ನಿಂದಲೇ ಆರಂಭಿಸುವುದು ಜಾಣತನ.

ನಕ್ಷೆ ಸಿದ್ಧವಾದ ಬಳಿಕ ಅದನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಬಿಡಿಭಾಗಗಳನ್ನು ಅದರ ಮೇಲಿಟ್ಟು ನೋಡಬೇಕು. ಕನೆಕ್ಟರ್‌ನ ಕಾಲುಗಳು ರಂಧ್ರಕ್ಕೆ ಹೊಂದುತ್ತವೆಯೇ, ರಿಲೇ ಪಕ್ಕದ ಭಾಗಕ್ಕೆ ತಾಗುತ್ತದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಒಂದು ಹಾಳೆ ಕಾಗದದ ಈ ಪರೀಕ್ಷೆ ಇಡೀ ಬೋರ್ಡ್ ವ್ಯರ್ಥವಾಗುವುದನ್ನು ತಪ್ಪಿಸಬಲ್ಲದು.

1. ಚುಕ್ಕಿ ಬೋರ್ಡ್

ಅತಿ ಸುಲಭದ ದಾರಿ ಇದು. ಅಂಗಡಿಯಲ್ಲಿ ಜನರಲ್ ಪರ್ಪಸ್ ಬೋರ್ಡ್ ಎಂದು ಕೇಳಿದರೆ ಸಿಗುತ್ತದೆ. 2.54 ಮಿ.ಮೀ. ಅಂತರದಲ್ಲಿ ರಂಧ್ರಗಳು, ಪ್ರತಿ ರಂಧ್ರದ ಸುತ್ತ ತಾಮ್ರದ ಉಂಗುರ. ಬಿಡಿಭಾಗಗಳನ್ನು ತೂರಿಸಿ, ಹಿಂಬದಿಯಲ್ಲಿ ತಂತಿಯಿಂದ ಸಂಪರ್ಕ ಕೊಟ್ಟು ಬೆಸುಗೆ ಹಾಕಿದರೆ ಮುಗಿಯಿತು. ಒಂದೇ ಸಂಜೆಯಲ್ಲಿ ಕೆಲಸ ಸಾಧ್ಯ. ಆದರೆ ಎರಡನೆಯ ಪ್ರತಿ ಮಾಡುವಾಗ ಅಷ್ಟೇ ಶ್ರಮ ಮತ್ತೆ ಪಡಬೇಕು. ತಂತಿಗಳು ಹೆಚ್ಚಾದಂತೆ ತಪ್ಪುಗಳೂ ಹೆಚ್ಚು, ಹುಡುಕುವುದೂ ಕಷ್ಟ.

2. ಇಸ್ತ್ರಿ ಪೆಟ್ಟಿಗೆಯ ವಿದ್ಯೆ

ಹವ್ಯಾಸಿಗಳಲ್ಲಿ ಅತ್ಯಂತ ಜನಪ್ರಿಯವಾದ ವಿಧಾನವಿದು. ನಕ್ಷೆಯನ್ನು ನುಣುಪಾದ ಹೊಳಪು ಕಾಗದದ ಮೇಲೆ ಲೇಸರ್ ಪ್ರಿಂಟರ್‌ನಲ್ಲಿ ಕನ್ನಡಿ ಬಿಂಬವಾಗಿ ಮುದ್ರಿಸಬೇಕು. ಇಂಕ್‌ಜೆಟ್ ಪ್ರಿಂಟರ್ ಇಲ್ಲಿ ಕೆಲಸಕ್ಕೆ ಬಾರದು. ಲೇಸರ್ ಪ್ರಿಂಟರ್‌ನ ಟೋನರ್ ಎಂಬುದು ಪ್ಲಾಸ್ಟಿಕ್ ಪುಡಿಯಾದ್ದರಿಂದ ಬಿಸಿಗೆ ಕರಗಿ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ತಾಮ್ರದ ಹಲಗೆಯನ್ನು ಚೆನ್ನಾಗಿ ಉಜ್ಜಿ ತೊಳೆದು, ಮುದ್ರಿತ ಕಾಗದವನ್ನು ಕವುಚಿಟ್ಟು, ಇಸ್ತ್ರಿ ಪೆಟ್ಟಿಗೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು. ನಂತರ ನೀರಿನಲ್ಲಿ ನೆನೆಸಿ ಕಾಗದವನ್ನು ಮೆಲ್ಲನೆ ಉಜ್ಜಿ ತೆಗೆದರೆ ಟೋನರ್‌ನ ಗೆರೆಗಳು ತಾಮ್ರದ ಮೇಲೆ ಉಳಿಯುತ್ತವೆ.

ಮುಂದಿನ ಹಂತ ಫೆರಿಕ್ ಕ್ಲೋರೈಡ್ ದ್ರಾವಣದ್ದು. ಟೋನರ್ ಇಲ್ಲದ ಕಡೆಯ ತಾಮ್ರವನ್ನೆಲ್ಲ ಅದು ಕರಗಿಸುತ್ತದೆ. ದ್ರಾವಣ ತಯಾರಿಸುವಾಗ ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಏಕೆಂದರೆ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಇಲ್ಲವೆ ಗಾಜಿನ ಪಾತ್ರೆಯನ್ನೇ ಬಳಸಬೇಕು. ಪಾತ್ರೆಯನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು ಅಲುಗಾಡಿಸುತ್ತಿದ್ದರೆ ಕೆಲಸ ಬೇಗ ಸಾಗುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಬಟ್ಟೆಗೆ ಬಿದ್ದ ಹಳದಿ ಕಲೆ ಜಪ್ಪಯ್ಯ ಎಂದರೂ ಹೋಗದು. ಕೊನೆಗೆ ಅಸಿಟೋನ್‌ನಿಂದ ಟೋನರ್ ಒರೆಸಿ, 0.8ರಿಂದ 1 ಮಿ.ಮೀ. ಡ್ರಿಲ್‌ನಿಂದ ರಂಧ್ರ ಕೊರೆದರೆ ಬೋರ್ಡ್ ಸಿದ್ಧ.

ಗೆರೆಯ ಅಗಲ 0.3 ಮಿ.ಮೀ.ಗಿಂತ ಕಡಿಮೆಯಾದರೆ ಈ ವಿಧಾನ ಕೈಕೊಡುವ ಸಂಭವವೇ ಹೆಚ್ಚು. ಒಂದೇ ಮಗ್ಗುಲಿನ ಸರಳ ಬೋರ್ಡ್‌ಗಳಿಗೆ ಮಾತ್ರ ಇದು ಹೇಳಿಮಾಡಿಸಿದ್ದು.

3. ಬೆಳಕಿನ ಅಚ್ಚು

ಇನ್ನಷ್ಟು ಸೂಕ್ಷ್ಮ ಗೆರೆ ಬೇಕೆಂದರೆ ಬೆಳಕಿನ ಮೊರೆ ಹೋಗಬೇಕು. ಡ್ರೈ ಫಿಲ್ಮ್ ಎಂಬ ನೀಲಿ ಬಣ್ಣದ ಪೊರೆಯನ್ನು ತಾಮ್ರಕ್ಕೆ ಅಂಟಿಸಿ, ಅದರ ಮೇಲೆ ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿದ ನೆಗೆಟಿವ್ ಇಟ್ಟು ನೇರಳಾತೀತ ಬೆಳಕಿಗೆ ಒಡ್ಡಲಾಗುತ್ತದೆ. ಬೆಳಕು ಬಿದ್ದ ಭಾಗ ಗಟ್ಟಿಯಾಗುತ್ತದೆ. ಉಳಿದದ್ದನ್ನು ಶೇ. 1ರಷ್ಟು ವಾಷಿಂಗ್ ಸೋಡಾ ಬೆರೆಸಿದ ನೀರು ತೊಳೆದುಹಾಕುತ್ತದೆ. ಬಳಿಕ ಫೆರಿಕ್ ಕ್ಲೋರೈಡ್ ಸ್ನಾನ. ಗಟ್ಟಿಯಾದ ಪೊರೆಯನ್ನು ಕೊನೆಗೆ ಕಾಸ್ಟಿಕ್ ಸೋಡಾ ದ್ರಾವಣದಿಂದ ತೆಗೆಯಬೇಕು.

0.2 ಮಿ.ಮೀ. ಅಗಲದ ಗೆರೆ ಇಲ್ಲಿ ಕಷ್ಟವೇನಲ್ಲ. ಪೊರೆ ಅಂಟಿಸುವಾಗ ಗಾಳಿಗುಳ್ಳೆ ಉಳಿಯಬಾರದು, ಕೆಲಸ ಹಳದಿ ದೀಪದ ಬೆಳಕಿನಲ್ಲೇ ನಡೆಯಬೇಕು. ಮೊದಲ ಎರಡು ಮೂರು ಪ್ರಯತ್ನಗಳು ಬೆಳಕಿನ ಅವಧಿ ನಿರ್ಧರಿಸಲಿಕ್ಕೇ ಖರ್ಚಾಗುತ್ತವೆ.

4. ಕೆತ್ತುವ ಯಂತ್ರ

ರಾಸಾಯನಿಕದ ಗೊಡವೆಯೇ ಬೇಡ ಎನ್ನುವವರಿಗೆ ಸಿಎನ್‌ಸಿ ಯಂತ್ರವಿದೆ. ಚೂಪು ಮೊನೆಯ ಉಳಿಯೊಂದು ತಿರುಗುತ್ತಾ ಗೆರೆಗಳ ಸುತ್ತಲಿನ ತಾಮ್ರವನ್ನು ಕೆತ್ತಿ ಬೇರ್ಪಡಿಸುತ್ತದೆ. ರಂಧ್ರ ಕೊರೆಯುವುದು, ಅಂಚು ಕತ್ತರಿಸುವುದು ಕೂಡ ಅದೇ ಯಂತ್ರದ ಕೆಲಸ.

ಪುಣೆ ಬಳಿಯ ಪಾಬಳ ಗ್ರಾಮದ ವಿಜ್ಞಾನ ಆಶ್ರಮದಲ್ಲಿ 2002ರಲ್ಲಿ ಆರಂಭವಾದದ್ದು ಅಮೆರಿಕದ ಎಂಐಟಿಯ ಹೊರಗೆ ಸ್ಥಾಪನೆಯಾದ ಮೊದಲ ಫ್ಯಾಬ್ ಲ್ಯಾಬ್‌ಗಳಲ್ಲಿ ಒಂದು. ಇಂತಹ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಬೋರ್ಡ್ ಮಾಡುವುದು ಕೆತ್ತುವ ಯಂತ್ರದಿಂದಲೇ. ಎಫ್‌ಆರ್-4 ಕೆತ್ತಿದಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಹಾನಿಕರ. ಆದಕಾರಣ ಅಲ್ಲಿ ಕಾಗದ ಆಧಾರಿತ ಎಫ್‌ಆರ್-1 ಹಲಗೆಗೆ ಆದ್ಯತೆ. ಮುಖಗವಸು, ಧೂಳು ಹೀರುವ ಯಂತ್ರ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಒಂದು ಬೋರ್ಡ್‌ಗಾಗಿ ಯಂತ್ರ ಕೊಳ್ಳುವುದು ಲಾಭಕರವಲ್ಲ. ಕಾಲೇಜಿನಲ್ಲಿ ಇದ್ದರೆ ಮಾತ್ರ ಇದು ಅಗ್ಗದ ದಾರಿ.

5. ಹನಿಗೂಡಿದರೆ ಹಳ್ಳ

ಕಾರ್ಖಾನೆಗಳು ಸಾಮಾನ್ಯವಾಗಿ 18 ಅಂಗುಲ ಅಗಲ, 24 ಅಂಗುಲ ಉದ್ದದ ದೊಡ್ಡ ಹಾಳೆಯ ಮೇಲೆ ಕೆಲಸ ಮಾಡುತ್ತವೆ. ಅಂದರೆ 432 ಚದರ ಅಂಗುಲ. 3 ಚದರ ಅಂಗುಲದ ಒಂದು ಬೋರ್ಡ್‌ಗಾಗಿ ಇಡೀ ಹಾಳೆ ಓಡಿಸಿದರೆ ನಷ್ಟ. ಅದೇ ಹಾಳೆಯಲ್ಲಿ ಹತ್ತಾರು ಗ್ರಾಹಕರ ಬೋರ್ಡ್‌ಗಳನ್ನು ಒಟ್ಟಿಗೆ ಜೋಡಿಸಿದರೆ ಸಿದ್ಧತೆಯ ಖರ್ಚು ಎಲ್ಲರಲ್ಲೂ ಹಂಚಿಹೋಗುತ್ತದೆ. ಸಣ್ಣ ಬೋರ್ಡ್ ಅಗ್ಗವಾದ ಗುಟ್ಟು ಇಷ್ಟೇ.

ಅಮೆರಿಕದ ಓಎಸ್‌ಎಚ್ ಪಾರ್ಕ್ ಚದರ ಅಂಗುಲಕ್ಕೆ 5 ಡಾಲರ್‌ನಂತೆ ಮೂರು ಪ್ರತಿ ಕೊಡುವ ದರದಿಂದ ಹೆಸರಾಯಿತು. ಚೀನಾದ ಜೆಎಲ್‌ಸಿಪಿಸಿಬಿ, ಪಿಸಿಬಿವೇ ಮೊದಲಾದವು 100 ಮಿ.ಮೀ. ಉದ್ದಗಲದೊಳಗಿನ ಐದು ಬೋರ್ಡ್‌ಗಳನ್ನು ಕೆಲವೇ ಡಾಲರ್‌ಗೆ ಮಾಡಿಕೊಟ್ಟು ಮಾರುಕಟ್ಟೆಯನ್ನೇ ಬದಲಿಸಿದವು. ಭಾರತದಲ್ಲೂ ಗಾಂಧಿನಗರದ ಪಿಸಿಬಿ ಪವರ್, ಬೆಂಗಳೂರಿನ ಲಯನ್ ಸರ್ಕ್ಯೂಟ್ಸ್ ಮುಂತಾದ ಸಂಸ್ಥೆಗಳು ಅಂತರ್ಜಾಲದ ಮೂಲಕ ಸಣ್ಣ ಆರ್ಡರ್ ಸ್ವೀಕರಿಸುವ ಪದ್ಧತಿ ತಂದವು.

ವಿದೇಶಿ ದರ ಕಂಡು ಮರುಳಾಗುವ ಮುನ್ನ ಲೆಕ್ಕ ಹಾಕಬೇಕು. ಬೋರ್ಡ್‌ನ ಬೆಲೆಗಿಂತ ಕೊರಿಯರ್ ವೆಚ್ಚವೇ ಹಲವು ಪಟ್ಟು ಇರಬಹುದು. ಅದರ ಮೇಲೆ ಆಮದು ತೆರಿಗೆ, ಕೊರಿಯರ್ ಸಂಸ್ಥೆಯ ನಿರ್ವಹಣಾ ಶುಲ್ಕ, ಗುರುತಿನ ದಾಖಲೆಗಳ ತಾಪತ್ರಯ. ಇವೆಲ್ಲ ಕೂಡಿದರೆ ದೇಶಿ ಬೋರ್ಡ್ ಅಗ್ಗವೆನಿಸುವುದೂ ಉಂಟು. ನಾಲ್ಕಾರು ಸ್ನೇಹಿತರು ಸೇರಿ ಒಟ್ಟಿಗೆ ತರಿಸಿದರೆ ಸಾಗಣೆಯ ಭಾರ ಇಳಿಯುತ್ತದೆ.

ಕಾರ್ಖಾನೆಗೆ ಕಳುಹಿಸಬೇಕಾದದ್ದು ಗರ್ಬರ್ ಕಡತಗಳು ಮತ್ತು ರಂಧ್ರಗಳ ಕಡತ. ಪ್ರತಿ ಪದರಕ್ಕೆ ಒಂದೊಂದು ಗರ್ಬರ್ ಕಡತವಿರುತ್ತದೆ. ಕಳುಹಿಸುವ ಮುನ್ನ ಕಿಕ್ಯಾಡ್‌ನಲ್ಲೇ ಇರುವ ಗರ್ಬರ್ ವೀಕ್ಷಕದಲ್ಲಿ ಪ್ರತಿ ಪದರವನ್ನೂ ತೆರೆದು ನೋಡಬೇಕು. ಕಾರ್ಖಾನೆ ಕೊಟ್ಟ ಕಡತವನ್ನು ಇದ್ದಂತೆಯೇ ಅಚ್ಚು ಮಾಡುತ್ತದೆ. ಮಂಡಲದ ತಪ್ಪನ್ನು ತಿದ್ದುವುದು ಅದರ ಕೆಲಸವಲ್ಲ.

ಚರಂಡಿಗೆ ಸುರಿಯದಿರಿ

ಮನೆಯಲ್ಲಿ ಬೋರ್ಡ್ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳದ ಖರ್ಚೊಂದಿದೆ. ಅದು ಬಳಸಿದ ದ್ರಾವಣದ ವಿಲೇವಾರಿ. ಅದರಲ್ಲಿ ಕರಗಿದ ತಾಮ್ರ ಮೀನು ಹಾಗೂ ಪಾಚಿಗೆ ವಿಷ. ಕೊಳಚೆ ನೀರು ಶುದ್ಧೀಕರಿಸುವ ಬ್ಯಾಕ್ಟೀರಿಯಾಗಳಿಗೂ ಮಾರಕ. ಲೋಹದ ಕೊಳವೆಗಳನ್ನು ಅದು ತಿಂದುಹಾಕುತ್ತದೆ. ನಗರದ ಚರಂಡಿ ಕೊನೆಗೆ ಸೇರುವುದು ಕೆರೆಯನ್ನೇ ಎಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದ್ರಾವಣವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಟ್ಟು ಹಲವು ಬಾರಿ ಬಳಸಬಹುದು. ಶಕ್ತಿ ಕುಂದಿದ ದ್ರಾವಣವನ್ನು ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮೂಲಕ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಅಪಾಯಕಾರಿ ತ್ಯಾಜ್ಯ ನಿರ್ವಾಹಕರ ಮೂಲಕ ವಿಲೇವಾರಿ ಮಾಡಬೇಕು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ಇನ್ನೊಂದು ವಿಧಾನವೂ ಬಳಕೆಯಲ್ಲಿದೆ. ಅದರಿಂದ ಕ್ಲೋರಿನ್ ಅನಿಲ ಏಳಬಲ್ಲದು. ಮನೆಯ ಅಡುಗೆಕೋಣೆಯಲ್ಲಿ ಅದರ ಪ್ರಯೋಗ ಸಲ್ಲದು.

ಜೀವಕ್ಕೆ ಸಂಚಕಾರ ಬೇಡ

ಪಂಪ್‌ಸೆಟ್ ನಿಯಂತ್ರಕದಂಥ ಬೋರ್ಡ್‌ನಲ್ಲಿ 5 ವೋಲ್ಟ್‌ನ ಚಿಪ್ ಜತೆಗೆ ಮನೆಯ 230 ವೋಲ್ಟ್ ಅಥವಾ ಮೂರು ಫೇಸ್‌ನ 415 ವೋಲ್ಟ್ ಕೂಡ ಹರಿಯುತ್ತದೆ. ಎರಡರ ನಡುವೆ ಸಾಕಷ್ಟು ಅಂತರ ಇಲ್ಲದಿದ್ದರೆ ತೇವ, ಧೂಳು ಸೇರಿ ವಿದ್ಯುತ್ ದಾಟಿಬರಬಹುದು. 230 ವೋಲ್ಟ್‌ಗೆ 6ರಿಂದ 8 ಮಿ.ಮೀ. ಅಂತರ ಬಿಡುವುದು ರೂಢಿ. 415 ವೋಲ್ಟ್‌ಗೆ ಇನ್ನೂ ಹೆಚ್ಚು ಬೇಕು. ನಡುವೆ ಹಲಗೆಯನ್ನೇ ಸೀಳಿ ಕಿಂಡಿ ಬಿಟ್ಟರೆ ಮತ್ತೂ ಕ್ಷೇಮ.

ಗೆರೆಯ ಅಗಲವೂ ಮುಖ್ಯ. 35 ಮೈಕ್ರಾನ್ ತಾಮ್ರದ ಹೊರಪದರದಲ್ಲಿ 1 ಆಂಪಿಯರ್‌ಗೆ ಸುಮಾರು 0.3 ಮಿ.ಮೀ., 2 ಆಂಪಿಯರ್‌ಗೆ ಸುಮಾರು 0.8 ಮಿ.ಮೀ. ಅಗಲವಿದ್ದರೆ ಉಷ್ಣತೆಯ ಏರಿಕೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಜಾಗವಿದ್ದಲ್ಲಿ ಇನ್ನೂ ಅಗಲ ಇಡುವುದೇ ಲೇಸು. ಇಸ್ತ್ರಿ ವಿಧಾನದಲ್ಲಿ ಮಾಡಿದ, ರಕ್ಷಣಾ ಲೇಪನವಿಲ್ಲದ ಬರಿಯ ತಾಮ್ರದ ಬೋರ್ಡ್ ಅನ್ನು ಹೊಲದ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೂರಿಸುವ ಸಾಹಸ ಯಾರೂ ಮಾಡಬಾರದು. ಉಳಿಸಿದ ನೂರಾರು ರೂಪಾಯಿಗೆ ರೈತನೊಬ್ಬ ಪ್ರಾಣದ ಬೆಲೆ ತೆರಬೇಕಾದೀತು.

ಯಾರಿಗೆ ಯಾವುದು?

* ಇಂದೇ ಬೇಕು, ಒಂದೇ ಬೇಕು, ಮಂಡಲ ಸರಳ : ಚುಕ್ಕಿ ಬೋರ್ಡ್.
* ಕಲಿಕೆಗಾಗಿ, ಒಂದೇ ಮಗ್ಗುಲಿನ ಬೋರ್ಡ್ : ಇಸ್ತ್ರಿ ವಿಧಾನ.
* ಸೂಕ್ಷ್ಮ ಗೆರೆ, ಪದೇಪದೇ ಮಾಡುವ ಅಭ್ಯಾಸ : ಡ್ರೈ ಫಿಲ್ಮ್.
* ಕಾಲೇಜಿನಲ್ಲಿ ಯಂತ್ರವಿದೆ, ಒಂದೇ ದಿನದಲ್ಲಿ ಬೇಕು : ಸಿಎನ್‌ಸಿ ಕೆತ್ತನೆ.
* ಎರಡು ಪದರ, ಐದಕ್ಕಿಂತ ಹೆಚ್ಚು ಪ್ರತಿ, ಮಾರಾಟದ ಉದ್ದೇಶ, ಮನೆಯ ವಿದ್ಯುತ್ ಸಂಪರ್ಕ : ಕಾರ್ಖಾನೆಯೇ ಸರಿ.

ಯಾವ ದಾರಿ ಹಿಡಿದರೂ ಮೊದಲ ಬಾರಿಗೆ ವಿದ್ಯುತ್ ಕೊಡುವ ಮುನ್ನ ಮಲ್ಟಿಮೀಟರ್ ಹಿಡಿದು ಪ್ರತಿ ಗೆರೆಯನ್ನೂ ಪರೀಕ್ಷಿಸಬೇಕು. ವಿದ್ಯುತ್ ಪೂರೈಕೆಯ ಎರಡು ಗೆರೆಗಳು ಒಂದಕ್ಕೊಂದು ತಾಗಿಲ್ಲ ಎಂಬುದು ಖಚಿತವಾದ ಮೇಲೆಯೇ ಸ್ವಿಚ್ ಒತ್ತಬೇಕು. ಐದು ನಿಮಿಷದ ಈ ತಾಳ್ಮೆ ಐದು ದಿನದ ಶ್ರಮವನ್ನು ಕಾಯುತ್ತದೆ. ತಾಳಿದವನು ಬಾಳಿಯಾನು ಎಂಬ ಮಾತು ತಾಮ್ರದ ಗೆರೆಗಳಿಗೂ ಅನ್ವಯಿಸುತ್ತದೆ.