ವಿರೂಪಾಕ್ಷ ದೇವಾಲಯ: ಕಟ್ಟಡ ಮತ್ತು ಒಳಾಲಂಕಾರ

ಹಂಪಿ ಬಜಾರಿನ ಪಶ್ಚಿಮ ತುದಿಯಲ್ಲಿರುವ ಈ ಗುಡಿಯಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಪೂರ್ವದ ಬಿಷ್ಟಪ್ಪ ಗೋಪುರಕ್ಕೆ ಒಂಬತ್ತು ಅಂತಸ್ತು, ಎತ್ತರ ಸುಮಾರು 50 ಮೀಟರ್. ಕೆಳಭಾಗ ಕಲ್ಲಿನದು, ಮೇಲಿನದೆಲ್ಲ ಇಟ್ಟಿಗೆ ಮತ್ತು ಗಾರೆ. ಹೊರ ಪ್ರಾಕಾರದಲ್ಲಿ ನೂರು ಕಂಬಗಳ ಮಂಟಪವಿದೆ, ಅಡುಗೆಮನೆಯಿದೆ. ತುಂಗಭದ್ರೆಯ ನೀರನ್ನು ಕಿರುಗಾಲುವೆಯೊಂದು ಅಡುಗೆಮನೆಗೇ ಮುಟ್ಟಿಸುತ್ತದೆ.

ಒಳ ಪ್ರಾಕಾರಕ್ಕೆ ದಾರಿ ರಾಯಗೋಪುರದ ಮೂಲಕ. ಎದುರಿನ ರಂಗಮಂಟಪವನ್ನು ಕೃಷ್ಣದೇವರಾಯ 1510ರಲ್ಲಿ ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ. ಮಂಟಪದ ಮುಂದೆ ನಿಂತಿರುವ ಶಾಸನ ಕಟ್ಟಡದ ವಿವರಕ್ಕೇ ನಿಲ್ಲದೆ ಪೂಜಾ ಸಾಮಗ್ರಿಯ ಪಟ್ಟಿಯನ್ನೂ ಕೊಡುತ್ತದೆ: ನವರತ್ನ ಕೆತ್ತಿದ ಚಿನ್ನದ ಕಮಲ, ನಾಗಾಭರಣ, ನೈವೇದ್ಯಕ್ಕೆ ಚಿನ್ನದ ಪಾತ್ರೆ, ಎರಡು ಭೇರಿ, ಆರತಿಗೆ 24 ಬೆಳ್ಳಿ ದೀಪ. ಇಷ್ಟು ನಿಖರವಾದ ಲೆಕ್ಕ ಸಿಗುವುದು ಅಪರೂಪ.

ಮಂಟಪದ ಕಂಬಗಳಲ್ಲಿ ಮಕರಗಳ ಮೇಲೆ ಮುಂಗಾಲೆತ್ತಿ ನಿಂತ ಯಾಳಿಗಳು, ಅವುಗಳ ಬೆನ್ನೇರಿದ ಸವಾರರು. ತಲೆಯೆತ್ತಿದರೆ ಚಾವಣಿಯ ತುಂಬ ವರ್ಣಚಿತ್ರ. ಗಿರಿಜಾಕಲ್ಯಾಣ, ತ್ರಿಪುರ ಸಂಹಾರ, ಶಿವನತ್ತ ಬಾಣ ಹೂಡಿದ ಮನ್ಮಥ, ಮತ್ಸ್ಯಯಂತ್ರ ಭೇದಿಸುತ್ತಿರುವ ಅರ್ಜುನ ಕಾಣಸಿಗುತ್ತಾರೆ. ಬಿಡುವು ಮಾಡಿಕೊಂಡು ನೋಡಬೇಕಾದದ್ದು ವಿದ್ಯಾರಣ್ಯರ ಮೆರವಣಿಗೆ. ಪಲ್ಲಕ್ಕಿಯಲ್ಲಿ ಯತಿ, ಸುತ್ತ ಆನೆ, ಭಟರು, ವಾದ್ಯದವರು.

ಗರ್ಭಗುಡಿಯಲ್ಲಿರುವುದು ಲಿಂಗ. ಉತ್ತರಕ್ಕೆ ಪಂಪಾದೇವಿ, ಭುವನೇಶ್ವರಿ ಗುಡಿಗಳು. ಭುವನೇಶ್ವರಿ ಗುಡಿಯ ನುಣುಪಾದ ಕಂಬಗಳೂ ಸೂಕ್ಷ್ಮ ಕೆತ್ತನೆಯ ಬಾಗಿಲುವಾಡವೂ ಚಾಲುಕ್ಯ ಶೈಲಿಯವು, ವಿಜಯನಗರಕ್ಕಿಂತ ಹಳೆಯವು. ಹಿಂಬದಿಯ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬರುವ ಬೆಳಕು ಬಿಷ್ಟಪ್ಪ ಗೋಪುರದ ತಲೆಕೆಳಗಾದ ಬಿಂಬವನ್ನು ಗೋಡೆಯ ಮೇಲೆ ಮೂಡಿಸುತ್ತದೆ. ಉತ್ತರದ ಕನಕಗಿರಿ ಗೋಪುರ ದಾಟಿದರೆ ಮನ್ಮಥ ಹೊಂಡ, ಅದರಾಚೆ ಹೊಳೆ.