ಧ್ವನಿಮುದ್ರಿಕೆಯೂ ಪಾಠನಿರ್ಣಯವೂ: ತಿರುವಾಂಕೂರಿನ ಕೃತಿಗಳ ನಿದರ್ಶನ

ಶಾಸನವನ್ನೋದುವ ವಿದ್ವಾಂಸನು ಮೊದಲು ಅದರ ಕಾಲವನ್ನೂ ಪಾಠವನ್ನೂ ನಿರ್ಣಯಿಸಿ ಅನಂತರವೇ ಅರ್ಥಕ್ಕೆ ಕೈಹಾಕುತ್ತಾನೆ. ಸಂಗೀತದ ಧ್ವನಿಮುದ್ರಿಕೆಯೂ ಒಂದು ಬಗೆಯ ಶಾಸನವೇ ಸರಿ. ಆದರೆ ಹೊಸ ಮುದ್ರಿಕೆಗಳನ್ನೂ ಮರುಬಿಡುಗಡೆಯಾದ ಹಳೆಯವುಗಳನ್ನೂ ಬೆಲೆಕಟ್ಟುವಾಗ ಕಂಠಮಾಧುರ್ಯವನ್ನೂ ಲಯಪ್ರೌಢಿಮೆಯನ್ನೂ ಮಾತ್ರ ಎಣಿಸಿ, ಪಾಠದ ಪ್ರಶ್ನೆಯನ್ನು ಬದಿಗಿಡುವುದೇ ಹೆಚ್ಚು. ಇದರಿಂದ ಚರಿತ್ರೆಗೆ ಒದಗುವ ಹಾನಿಯನ್ನು ತಿರುವಾಂಕೂರಿನ ಸಂಗೀತಸಂಪತ್ತು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಸ್ವಾತಿ ತಿರುನಾಳ್ ಮಹಾರಾಜರು (1813–1846) ಸಂಸ್ಕೃತ, ಮಲಯಾಳ, ತೆಲುಗು, ಹಿಂದೂಸ್ತಾನಿಗಳಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿಯೂ ಪದರಚನೆ ಮಾಡಿದವರು. ತಂಜಾವೂರಿನ ನಾಲ್ವರು ಸೋದರರಲ್ಲಿ ವಡಿವೇಲು ಅವರ ಆಸ್ಥಾನವನ್ನು ಸೇರಿದರೆ, ಅಣ್ಣ ಚಿನ್ನಯ್ಯ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದರು. ಎರಡು ಅರಮನೆಗಳ ಸಂಗೀತಸಂಬಂಧವು ಇಷ್ಟು ಹಳೆಯದು.

ಆ ಬಾಂಧವ್ಯವನ್ನು ಇಪ್ಪತ್ತನೆಯ ಶತಮಾನದಲ್ಲಿ ಬಲಪಡಿಸಿದವರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945). ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವಿದ್ವಾಂಸರಾಗಿ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದ ಅವರು, 1939ರಲ್ಲಿ ತಿರುವನಂತಪುರದಲ್ಲಿ ಆರಂಭವಾದ ಸ್ವಾತಿ ತಿರುನಾಳ್ ಸಂಗೀತ ಅಕಾಡೆಮಿಗೆ ಮೊದಲ ಮುಖ್ಯಸ್ಥರಾದರು. ಅವರ ತರುವಾಯ ಆ ಸ್ಥಾನದಲ್ಲಿ ಸುಮಾರು ಎರಡು ದಶಕಗಳ ಕಾಲ ಇದ್ದವರು ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್. ಮಹಾರಾಜರ ಅನೇಕ ಸಾಹಿತ್ಯಗಳು ಉಳಿದಿದ್ದರೂ ಧಾತು ಮರೆಯಾಗಿತ್ತು. ಅವಕ್ಕೆ ಈ ಇಬ್ಬರು ಸ್ವರಸಂಯೋಜನೆ ಮಾಡಿಕೊಟ್ಟರು.

‘ಭಾವಯಾಮಿ ರಘುರಾಮಂ’ ಕೃತಿಯನ್ನು ನೋಡಬಹುದು. ಮೊದಲು ಸಾವೇರಿಯೊಂದರಲ್ಲಿಯೇ ಹಾಡುತ್ತಿದ್ದ ಅದನ್ನು ರಾಗಮಾಲಿಕೆಯಾಗಿ ರೂಪಿಸಿದವರು ಸೆಮ್ಮಂಗುಡಿಯವರು, ಎಂ. ಎಸ್. ಸುಬ್ಬುಲಕ್ಷ್ಮಿಯವರ ಧ್ವನಿಮುದ್ರಿಕೆಯು ಅದನ್ನು ಮನೆಮನೆಗೆ ಮುಟ್ಟಿಸಿತು. ಆ ಗಾಯನದ ಹಿರಿಮೆಗೆ ಕುಂದಿಲ್ಲ. ಆದರೆ ಕೇಳುಗರು ಅದನ್ನೇ 1840ರ ಸಂಗೀತವೆಂದು ಬಗೆದರೆ ಚರಿತ್ರೆ ತಲೆಕೆಳಗಾಗುತ್ತದೆ. ದಾಸಸಾಹಿತ್ಯದ ಸ್ಥಿತಿಯೂ ಇದೇ. ಬಿ. ಎಸ್. ರಾಜಯ್ಯಂಗಾರರ ತಟ್ಟೆಯಿಂದ ಪ್ರಸಿದ್ಧಿಗೆ ಬಂದ ‘ಜಗದೋದ್ಧಾರನ’ದ ಕಾಪಿಯನ್ನು ಪುರಂದರದಾಸರ ಕಾಲಕ್ಕೆ ಒಯ್ಯಲು ಆಧಾರ ಸಾಲದು.

ತಾಂತ್ರಿಕ ಕಾರಣಗಳೂ ಉಂಟು. ಹತ್ತು ಅಂಗುಲದ ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷ. ಅಷ್ಟರಲ್ಲಿ ನೆರವಲಿಗೂ ವಿಸ್ತಾರವಾದ ಕಲ್ಪನಾಸ್ವರಕ್ಕೂ ಎಡೆಯಿರಲಿಲ್ಲ. ಆ ಸಂಕ್ಷೇಪವನ್ನು ಗಾಯಕನ ಶೈಲಿಯೆಂದು ಎಣಿಸುವುದು ತಪ್ಪು. ಆರಂಭಕಾಲದ ತಟ್ಟೆಗಳ ವೇಗವೂ ಏಕರೂಪವಾಗಿರಲಿಲ್ಲ. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿತವಾದುದನ್ನು 78ರಲ್ಲಿ ತಿರುಗಿಸಿದರೆ ಶ್ರುತಿಯು ಹೆಚ್ಚುಕಡಿಮೆ ಒಂದು ಸ್ವರಸ್ಥಾನದಷ್ಟು ಏರಿ, ಗಮಕವೂ ಅವಸರದ್ದಾಗಿ ಕೇಳಿಸುತ್ತದೆ. ಇದನ್ನು ಪರಿಶೋಧಿಸದ ಮರುಬಿಡುಗಡೆಯು, ಗೀರುಸದ್ದನ್ನು ಎಷ್ಟೇ ಶುದ್ಧಗೊಳಿಸಿದ್ದರೂ, ಅಪಪಾಠವೇ.

ಮುದ್ರಿಕೆಯ ಮೌನವನ್ನೂ ಗಮನಿಸಬೇಕು. ತಿರುವನಂತಪುರದ ನವರಾತ್ರಿ ಮಂಟಪದಲ್ಲಿ ಸ್ತ್ರೀಯೊಬ್ಬರು ಮೊದಲು ಹಾಡಿದ್ದು 2006ರಲ್ಲಿ. ಅವರು ಪಾರಶ್ಶಾಲ ಬಿ. ಪೊನ್ನಮ್ಮಾಳ್. ಆದುದರಿಂದ ಅದಕ್ಕೆ ಹಿಂದಿನ ಮಂಟಪದ ಮುದ್ರಿಕೆಗಳು ಎಷ್ಟೇ ಇದ್ದರೂ ಅಲ್ಲಿನ ಪರಂಪರೆಯ ಒಂದು ಪಾರ್ಶ್ವವನ್ನು ಮಾತ್ರ ತಿಳಿಸುತ್ತವೆ.

ಕೊಚ್ಚಿಯಲ್ಲಿ ಜನಿಸಿ, ತೃಪ್ಪೂಣಿತ್ತುರದಲ್ಲಿ ಸಂಗೀತ ಕಲಿತ ಕೆ. ಜೆ. ಯೇಸುದಾಸರು 1980ರಲ್ಲಿ ತಿರುವನಂತಪುರದಲ್ಲಿ ‘ತರಂಗಿಣಿ’ಯನ್ನು ಸ್ಥಾಪಿಸಿದರು. ಅನಂತರ ಕ್ಯಾಸೆಟ್ಟು ಹೋಗಿ ಅಡಕಮುದ್ರಿಕೆ ಬಂತು. ಅದೂ ಹಿಂದೆ ಸರಿಯಿತು. ಪ್ರತಿಯೊಂದು ರೂಪಾಂತರದಲ್ಲಿಯೂ ಮೊದಲು ಕಳೆದುಹೋಗುವುದು ಹೊದಿಕೆಯ ಬರಹ. ಸಾಹಿತ್ಯ ಯಾರದು, ಧಾತು ಯಾರದು, ಮುದ್ರಣದ ವರ್ಷ ಯಾವುದು, ಪಕ್ಕವಾದ್ಯದವರು ಯಾರು—ಈ ನಾಲ್ಕನ್ನು ಹೇಳದ ಮುದ್ರಿಕೆಯು ಕಿವಿಗೆ ಇಂಪಾದರೂ ಸಂಶೋಧಕನಿಗೆ ಮೂಕಸಾಕ್ಷಿ. ಕೇರಳದಲ್ಲಿ ನೆಲಸಿದ ಕನ್ನಡ ಮನೆಗಳಲ್ಲಿ ಹಳೆಯ ತಟ್ಟೆಗಳು ಉಳಿದಿದ್ದರೆ, ಹಾಡಿನಷ್ಟೇ ಜೋಪಾನವಾಗಿ ಅವುಗಳ ಹೊದಿಕೆಯನ್ನೂ ಕಾಪಾಡಬೇಕಾದುದು ಅವಶ್ಯ.